ಜುಟ್ಟಿಲ್ಲದ ಕಾಯಿ

ಕಾರಟಗಿಯಲ್ಲಿ ಅಮರಮ್ಮನಿಗೆ ಕಳ್ಳಿ ಎಂಬ ಹೆಸರು ಬಂದದ್ದು ಕದ್ದದ್ದಕ್ಕಲ್ಲ, ಕಳಕೊಂಡದ್ದಕ್ಕೆ. ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡಿಗೆ ಚಿತ್ರ ಬರೆಯುತ್ತಿದ್ದಳು. ಆಕೆ ಬರೆದ ತೋರಣ, ನವಿಲು, ಬಾಸಿಂಗ ಗಿರಾಕಿ ನೋಡುವ ಮೊದಲೇ ಬಜಾರದ ವಿರುಪಣ್ಣನ ಪ್ರೆಸ್ಸಿನಲ್ಲಿ ಅಚ್ಚಾಗಿ ಕೂತಿರುತ್ತಿದ್ದವು. ಅಕ್ಕಿ ಗಿರಣಿಯ ಶರಣಬಸಪ್ಪ ಮಗನ ಮದುವೆಯ ಕೆಲಸ ಕೊಟ್ಟಿದ್ದವನು, ಓಣಿಗೆಲ್ಲ ಕೇಳುವ ಹಾಗೆ ಅಂಗಳದಲ್ಲಿ ನಿಂತು, "ವಿರುಪಣ್ಣಂದು ಕದ್ದು ನನಗ ಕೊಡಾಕ ಬಂದಿಯೇನವಾ?" ಎಂದು ಕೆಲಸ ವಾಪಸ್ ತಗೊಂಡು ಹೋದ. ವಿರುಪಣ್ಣನೂ ಬಜಾರದ ತುಂಬ ಆಕೆಯನ್ನು ಕಳ್ಳಿ ಎಂದೇ ಹೇಳಿಕೊಂಡು ತಿರುಗಿದ. ಆಮೇಲೆ ಯಾರೂ ಬರಲಿಲ್ಲ.

ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುವ ಶಬ್ಬೀರಸಾಬನನ್ನು ಅಮರಮ್ಮ ಕರೆಸಿದಳು. ಅವನು ಆಕೆಯ ಕಂಪ್ಯೂಟರನ್ನು ತಡಕಾಡಿ ನಕ್ಕುಬಿಟ್ಟ.

"ಇದನ್ನ ಜೋಡಿಸಿ ಕೊಟ್ಟಾವ ಯಾರವಾ?"

"ವಿರುಪಣ್ಣ. ಇಂಟರ್ನೆಟ್ಟೂ ಅವನ ಹಾಕ್ಯಾನ."

"ಮತ್ತ ಕೇಳ್ತೀಯಲ್ಲ! ಹೊರಗಿನವರನ್ನ ತಡಿಯೋ ಫೈರ್‌ವಾಲ್ ಬಂದ್ ಮಾಡಿ ಹೋಗ್ಯಾನ. ನೀ ಮುಂದಿನ ಬಾಗಿಲಿಗೆ ಚಿಲಕ ಹಾಕ್ಕೊಂಡು ಕುಂತಿ, ಹಿತ್ತಲ ಬಾಗಿಲು ಹಾರ ಹೊಡದೈತಿ. ಅಂಗಡ್ಯಾಗ ಕುಂತ ನಿಂದೆಲ್ಲಾ ತಗೋತಾನ."

ಹೊಸ ಫೈರ್‌ವಾಲ್ ಹಾಕಿದ ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿ ಪ್ರಶ್ನೆ ಮೂಡಿತು: ಹೊರಗಿನಿಂದ ಯಾರೋ ಒಳಗೆ ಬರುತ್ತಿದ್ದಾರೆ, ಬಿಡಲೇ? ಶಬ್ಬೀರಸಾಬ ಬೇಡವೆಂದು ಒತ್ತಲು ಹೋದ. ಅಮರಮ್ಮ ಅವನ ಕೈ ಹಿಡಿದಳು.

"ತಡೀರಿ. ಇನ್ನೊಂದ ಸಲ ಬರ್ಲಿ. ಬರಿಗೈಲೆ ಕಳಿಸಬಾರದು."

ಶಬ್ಬೀರಸಾಬ ಹೋದ ಮೇಲೆ ಕೂತು ಜನ್ಮದಲ್ಲಿ ಬರೆಯದಂಥ ಚಿತ್ರ ಬರೆದಳು. ಬಂಗಾರದ ಕಳಸ, ಸುತ್ತ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಕಾಯಿಗೆ ಮಾತ್ರ ಜುಟ್ಟು ಬರೆಯಲಿಲ್ಲ. ಬೋಳು ಕಾಯಿಯನ್ನು ಕಳಸದ ಮೇಲೆ ಯಾವ ಮನೆಯಲ್ಲೂ ಇಡುವುದಿಲ್ಲ, ಮದುವೆ ಮನೆಯಲ್ಲಂತೂ ಕೇಳಲೇಬೇಡಿ. ಆದರೆ ಕದಿಯುವವನಿಗೆ ನೋಡುವ ವ್ಯವಧಾನ ಎಲ್ಲಿರುತ್ತದೆ? ಪ್ರಶ್ನೆ ಮತ್ತೆ ಮೂಡಿದಾಗ ಬರಲಿ ಎಂದು ಒತ್ತಿದಳು. ವಿರುಪಣ್ಣ ಚಿತ್ರ ಎತ್ತಿಕೊಂಡು ಹೋದ ಮೇಲೆ ಆ ಹಿತ್ತಲ ಬಾಗಿಲು ಮುಚ್ಚಿದಳು.

ಯಾರದೋ ಮದುವೆಯಲ್ಲಿ ಅವನ ಮಾನ ಹೋಗಲಿ ಎಂದಷ್ಟೇ ಆಕೆ ಬಯಸಿದ್ದು. ಚಿತ್ರದ ಚಂದಕ್ಕೆ ಮರುಳಾದ ವಿರುಪಣ್ಣ ಅದನ್ನು ಸ್ವಂತ ಮಗಳ ಕಾರ್ಡಿಗೇ ಹಾಕಿಬಿಟ್ಟ! ಮೊದಲ ಕಾರ್ಡಿಗೆ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದಿಡಲು ಹೋದ ಅವನ ತಾಯಿ ಹುಲಗಮ್ಮ ಕಾಯಿ ನೋಡಿದವಳೇ ಬಾಯಿ ಬಡಿದುಕೊಂಡಳಂತೆ.

ವಿರುಪಣ್ಣ ಕಾರ್ಡು ಹಿಡಿದು ಅಮರಮ್ಮನ ಅಂಗಳಕ್ಕೆ ಬಂದ. ಬೈಸಲು ಜೊತೆಗೆ ಶರಣಬಸಪ್ಪನನ್ನೂ ಕರೆತಂದಿದ್ದ. ಓಣಿ ಮಂದಿ ಸೇರಿದರು.

"ನನ್ನ ಮಗಳ ಮದುವ್ಯಾಗ ಅಪಶಕುನ ಮಾಡಿದೇನ ಹಾಳಾದಾಕಿ! ಜುಟ್ಟಿಲ್ಲದ ಕಾಯಿ ಯಾಕ ಬರದಿ?"

ಅಮರಮ್ಮ ಬಾಯಿ ತೆರೆಯುವ ಮೊದಲೇ ಶರಣಬಸಪ್ಪ ಅವನ ಕಡೆ ತಿರುಗಿದ.

"ತಡಿಯೋ. ಆಕಿ ಬರದದ್ದು ನಿನ್ನ ಕಾರ್ಡಿನ್ಯಾಗ ಹೆಂಗ ಬಂತು?"

ವಿರುಪಣ್ಣನ ಮುಖ ಇಳಿದುಹೋಯಿತು. ಅಮರಮ್ಮನಿಗೆ ಎಷ್ಟು ಸುಖವಾಯಿತೆಂದರೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಪಾಪ ಅನ್ನಿಸಿದ್ದು ಆ ಹುಡುಗಿಯ ಬಗ್ಗೆ ಮಾತ್ರ.

"ನಿನ್ನ ಮಗಳ ಸಲುವಾಗಿ ಜುಟ್ಟು ಬರಕೊಡ್ತೀನಿ," ಎಂದಳು. "ಮೊದಲ ಬಜಾರಕ್ಕ ಹೋಗು. ನನಗ ಕಳ್ಳಿ ಅಂತ ಯಾರ್ಯಾರಿಗೆ ಹೇಳೀದಿ, ಅವರ ಬಾಗಲದಾಗ ನಿಂತು ಕಳ್ಳ ನಾನು ಅಂತ ಹೇಳಿ ಬಾ. ಶರಣಬಸಪ್ಪನವರು ಜೋಡಿ ಬರ್ತಾರ."

ಸಂಜೆ ವಿರುಪಣ್ಣ ತಲೆ ತಗ್ಗಿಸಿಕೊಂಡು ವಾಪಸಾದ. ಅಮರಮ್ಮ ಅವನನ್ನು ಎದುರಿಗೇ ಕೂರಿಸಿಕೊಂಡು ಕಾಯಿಗೆ ಸೊಂಪಾದ ಜುಟ್ಟು ಬರೆದಳು. ಆಮೇಲೆ ಕಳಸದ ಬುಡದಲ್ಲಿ, ಅವನ ಮನೆತನದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, "ಚಿತ್ರ: ಅಮರಮ್ಮ, ಕಾರಟಗಿ" ಎಂದು ಬರೆದು, ಅಚ್ಚು ಹಾಕಿಸು ಹೋಗು ಎಂದು ಕೊಟ್ಟಳು.