ವಾಲಿದ ಕುರ್ಚಿ

ಮಗಳು ಅಮ್ಮನ ಕೂದಲನ್ನು ಬಾಚಣಿಗೆಯಲ್ಲಿ ಎಳೆದು ಹಿಡಿದು, ಬಲಗಿವಿಯ ಕೆಳಗೆ ಕತ್ತರಿ ತೆರೆದಳು. ಅಷ್ಟರಲ್ಲಿ ಅಪ್ಪ ಅವಳ ಮಣಿಕಟ್ಟು ಹಿಡಿದ.

"ಬಿಡು ಮಗಳೇ. ಅದು ನಾನು ಕತ್ತರಿಸಿದ್ದು."

"ಬಲಗಡೆ ಒಂದು ಬೆರಳು ಉದ್ದ ಇದೆ ಅಪ್ಪ. ಕಳಿಸಿಕೊಡೋ ದಿನವಾದ್ರೂ ಸರಿ ಮಾಡ್ತೀನಿ."

"ಸರಿ ಮಾಡಿದ್ರೆ ನನಗೆ ಗುರುತೇ ಸಿಗಲ್ಲ."

ಬೀದಿಯವರೆಲ್ಲ ಕತ್ತರಿಯಕ್ಕ ಎಂದು ಕರೆಯುತ್ತಿದ್ದ ಅಮ್ಮ, ಉಸಿರು ನಿಂತ ಮೇಲೂ ಏನೋ ತಮಾಷೆ ಹೇಳಲು ಬಾಯಿ ತೆರೆಯುವವಳ ಹಾಗೆ ಮಲಗಿದ್ದಳು. ಬೀದಿಗೆಲ್ಲ ಕೂದಲು ಕತ್ತರಿಸಿದವಳು ತನ್ನ ತಲೆಯನ್ನು ಮಾತ್ರ ಬಸ್ ಓಡಿಸುತ್ತಿದ್ದ ಗಂಡನಿಗೇ ಒಪ್ಪಿಸುತ್ತಿದ್ದಳು. ಅವನಿಗೆ ಸ್ಟಿಯರಿಂಗ್ ಬಿಟ್ಟರೆ ಬೇರೇನೂ ಹಿಡಿಯಲು ಬಾರದು ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದವಳೂ ಅವಳೇ.

ಕೆಳಗೆ ಅಮ್ಮನ ಅಂಗಡಿಯಲ್ಲಿ ಜನ ಸೇರಿದ್ದರು. ಪಕ್ಕದ ಟೈಲರಮ್ಮ ಎಲ್ಲರನ್ನೂ ಕೂರಿಸುತ್ತ, ತನ್ನ ಮದುವೆಯ ದಿನ ಕತ್ತರಿಯಕ್ಕ ಮಾತಿನ ಭರದಲ್ಲಿ ಅರ್ಧ ತಲೆ ಮಾತ್ರ ಸಿಂಗರಿಸಿ ಕಳಿಸಿದ್ದನ್ನು ಹೇಳಿ ನಗಿಸುತ್ತಿದ್ದಳು. ನಗು ಇಳಿದ ಮೇಲೆ ಎಲ್ಲರ ಮನಸ್ಸಿನಲ್ಲಿದ್ದುದನ್ನು ಅವಳೇ ಮಗಳಿಗೆ ಕೇಳಿದಳು: "ನಾಳೆಯಿಂದ ನಮ್ಮ ತಲೆ ಯಾರ ಕೈಗಮ್ಮ?"

ಮಗಳು ಕತ್ತರಿ ಒರೆಸುತ್ತ ನಿಂತಳು. ಅವಳು ಕೆಲಸ ಮಾಡುತ್ತಿದ್ದುದು ಎದುರಿನ ಗಾಜಿನ ಸಲೂನಿನಲ್ಲಿ. ದೇಶದೇಶಗಳಲ್ಲಿ ಮಳಿಗೆಗಳಿದ್ದ ಆ ಕಂಪನಿಗೆ ಈಗ ಈ ಅಂಗಡಿಯೂ ಬೇಕಿತ್ತು. ಗೋಡೆ ಒಡೆದು, ನೆಲ ಮಟ್ಟ ಮಾಡಿಸಿ, ಅವಳನ್ನೇ ಮುಖ್ಯಸ್ಥೆಯಾಗಿ ಕೂರಿಸುತ್ತೇವೆ ಎಂದಿದ್ದರು. ಅಮ್ಮ ಹಾಸಿಗೆ ಹಿಡಿದಾಗ ಮಗಳು ಅರ್ಧ ಮನಸ್ಸಿನಿಂದ ಹೂಂ ಅಂದಿದ್ದಳು. ಕೊನೆಯ ಮಾತು ಇವತ್ತು ಸಂಜೆ ಹೇಳಬೇಕಿತ್ತು.

*

ಕಂಪನಿಯ ತರಬೇತಿ ಮುಗಿಸಿ ಬಂದ ಹೊಸತರಲ್ಲಿ ಮಗಳು ಗಾರೆಯವನಿಂದ ರಸಮಟ್ಟ ತಂದು ಅಂಗಡಿಯ ನೆಲದ ಮೇಲಿಟ್ಟಿದ್ದಳು. ನೆಲ ಎಡಕ್ಕೆ ಇಳಿದಿತ್ತು. ನೆಲದ ಜತೆ ಕುರ್ಚಿ ವಾಲುತ್ತಿತ್ತು, ಕುರ್ಚಿಯ ಜತೆ ಕೂತವರ ತಲೆ. ಅದಕ್ಕೇ ಅಮ್ಮನ ಕೈಯಿಂದ ಎದ್ದು ಹೋದ ಪ್ರತಿ ತಲೆಯಲ್ಲೂ ಬಲಗಡೆ ಕೂದಲು ಒಂದು ಬೆರಳು ಉದ್ದ ಉಳಿಯುತ್ತಿತ್ತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಅಮ್ಮ ನಕ್ಕಳು. "ನಂದು ನಿಜವಾಗ್ಲೂ ಡೊಂಕೇ ನೋಡು."

ಮಗಳು ಕುರ್ಚಿಯ ಎಡಬದಿಯ ಕೆಳಗೆ ಮರದ ತುಂಡೊಂದನ್ನು ತುರುಕಿದಳು. ಕೆಲವೇ ದಿನಗಳಲ್ಲಿ ದೂರುಗಳು ಬಂದವು. ಬೇಕರಿಯವನಿಗೆ ಕನ್ನಡಿಯಲ್ಲಿ ತನ್ನ ಬದಲು ಮಾತು ಬಿಟ್ಟ ಅಣ್ಣ ಕಾಣಿಸತೊಡಗಿದನಂತೆ. ಟೀಚರಮ್ಮನಿಗೆ ನೆಟ್ಟಗೆ ಕೂತರೆ ವಿಚಾರಣೆಗೆ ಬಂದ ಹಾಗಾಗಿ ಬಾಯೇ ಬಿಡಲಾಗುತ್ತಿರಲಿಲ್ಲವಂತೆ. ಅಮ್ಮ ತುಂಡನ್ನು ಕಿತ್ತು ಬಾಗಿಲಿಗೆ ಒತ್ತು ಕೊಟ್ಟಳು.

"ತಲೆ ಒಂಚೂರು ವಾಲಿದ್ರೇನೇ ಜನ ಮನಸ್ಸು ಬಿಚ್ಚೋದು ಕಣೇ."

ಎದುರಿನ ಸಲೂನಿನಲ್ಲಿ ಯಾರೂ ಮನಸ್ಸು ಬಿಚ್ಚುತ್ತಿರಲಿಲ್ಲ. ಗೋಡೆಯ ಮೇಲಿನ ಹೇರ್‌ಕಟ್ ಚಿತ್ರಗಳಿಗೆ ನಂಬರುಗಳಿದ್ದವು. ಗಿರಾಕಿ ಏಳು ಎಂದರೆ ಏಳು, ಅಷ್ಟೇ. ಅದಕ್ಕೂ ಅಭ್ಯಾಸವಾಗಿ ಹೋಗಿದ್ದ ಮಗಳು, ಅಮ್ಮ ಹಾಸಿಗೆ ಹಿಡಿದ ಮೇಲೆ ಮರದ ತುಂಡನ್ನು ಮತ್ತೆ ಕುರ್ಚಿಯ ಕೆಳಗೆ ಸೇರಿಸಿದ್ದಳು. ಅಂಗಡಿ ಕೊಡುವುದೇ ಆದರೆ ಸರಿ ಮಾಡಿಯೇ ಕೊಡೋಣ ಎಂದುಕೊಂಡಿದ್ದಳು.

*

ಸ್ಮಶಾನದಲ್ಲಿ ಮೊಣಕಾಲು ನೋವಿನ ಅಪ್ಪ ಹಿಂದಿನ ಬೆಂಚಿನಲ್ಲಿ ಕೂತ. ಮಗಳೂ ಅವನ ಪಕ್ಕದಲ್ಲೇ ಉಳಿದಳು. ಮುಂದೆ ನಿಂತವರೆಲ್ಲ ತಲೆ ತಗ್ಗಿಸಿದರು.

ಆಗ ಅವಳಿಗೆ ಕಂಡಿತು. ಬೇಕರಿಯವನದು ಬಲಗಡೆ ಉದ್ದ. ಟೀಚರಮ್ಮನದು, ಟೈಲರಮ್ಮನದು, ಸಾಲಿಗೆ ಸಾಲೇ ಬಲಗಡೆ ಒಂದು ಬೆರಳು ಉದ್ದ. ಅಮ್ಮ ಇನ್ನಿಲ್ಲ ಎಂಬ ದುಃಖವನ್ನು ಬೆಳಗಿನಿಂದ ಅದುಮಿಟ್ಟಿದ್ದಳು. ಈಗ ಅದರ ಜತೆಗೇ ನಗುವೂ ಉಕ್ಕಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಾಲಿನ ತುದಿಯಲ್ಲಿ ಕಂಪನಿಯ ಮ್ಯಾನೇಜರ್ ನಿಂತಿದ್ದ. ಅವನ ತಲೆಯ ಮೇಲಿನ ಕಂಪನಿ ಟೋಪಿ ಇಳಿದದ್ದನ್ನು ಸಲೂನಿನಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿದ್ದನ್ನು ಕಂಡು ಅವನೂ ತಡವಾಗಿ ಟೋಪಿ ತೆಗೆದ.

ಬಲಗಡೆ ಒಂದು ಬೆರಳು ಉದ್ದ.

ಮಗಳು ಅಪ್ಪನ ತೋಳು ಹಿಡಿದು ತೋರಿಸಿದಳು. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದ, ಮತ್ತೊಮ್ಮೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ ನಕ್ಕ. ಮುಂದಿನ ಸಾಲಿನವರು ಪಾಪ, ತಡೆಯಲಾರದೆ ಅಳುತ್ತಿದ್ದಾನೆ ಎಂದುಕೊಂಡರು.

*

ಸಂಜೆ ಮ್ಯಾನೇಜರ್ ಅಂಗಡಿಗೆ ಬಂದಾಗ ಮಿಕ್ಕವರು ಇನ್ನೂ ಹೋಗಿರಲಿಲ್ಲ. ಟೋಪಿ ಅವನ ಕೈಯಲ್ಲೇ ಇತ್ತು.

"ರಜೆ ದಿನ ಹಿಂದಿನ ಬಾಗಿಲಿಂದ ಬರ್ತಿದ್ದೆ," ಎಂದ ತಗ್ಗಿದ ದನಿಯಲ್ಲಿ. "ನಿಮ್ಮಮ್ಮ ಯಾರಿಗೂ ಹೇಳಲಿಲ್ಲ."

"ನನಗೂ ಹೇಳಲಿಲ್ಲ."

"ಕಂಪನಿಗೆ ಏನಂತ ಹೇಳಲಿ?"

"ಕೊಡಲ್ಲ ಅಂತ ಹೇಳಿ. ನಾನೂ ಇನ್ನು ಆ ಕಡೆ ಬರಲ್ಲ. ಈಗ ಕೂತ್ಕೊಳ್ಳಿ, ಕತ್ತಿನ ಹತ್ರ ಬೆಳೆದಿದೆ."

ಅವನು ಕೂತ. ಮಗಳು ಅವನ ಕತ್ತಿನ ಸುತ್ತ ಬಟ್ಟೆ ಕಟ್ಟಿದಳು. ಆಮೇಲೆ ಬಗ್ಗಿ, ಕುರ್ಚಿಯ ಕೆಳಗಿನ ಮರದ ತುಂಡನ್ನು ಎಳೆದು ತೆಗೆದಳು. ಕುರ್ಚಿ ಕಿರ್ ಎಂದು ಎಡಕ್ಕೆ ಇಳಿಯಿತು. ಅದರ ಜತೆ ಮ್ಯಾನೇಜರನ ತಲೆಯೂ ಮೆಲ್ಲಗೆ ವಾಲಿತು. ಕತ್ತರಿ ತಾಗುವ ಮೊದಲೇ ಅವನು ಮಾತು ಶುರುಮಾಡಿದ.