ಕಲ್ಲಿನ ಕೆಳಗಿನ ಉಸಿರು

ಘೋಣಸಗಿಯ ಹನುಮಪ್ಪನ ಗುಡಿಯ ಮುಂದೆ ಬಿದ್ದಿದ್ದ ಸಂಗ್ರಾಣಿ ಕಲ್ಲನ್ನು ಮೂರು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಒಂದೂಕಾಲು ಕ್ವಿಂಟಾಲಿನ ಗುಂಡುಗಲ್ಲು. ಕಾರಹುಣ್ಣಿಮೆಯ ದಿನ ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದವನೇ ಆ ವರ್ಷದ ಜಟ್ಟಿ. ಮೂರು ವರ್ಷದ ಹಿಂದೆ ಎತ್ತಲು ಹೋದ ಧೂಳಪ್ಪನ ಎದೆಯ ಮೇಲೆ ಬಿದ್ದು ಅವನನ್ನು ಕೊಂದ ಮೇಲೆ, ಕುರಿಗಳು ಕೂಡ ಅದನ್ನು ಸುತ್ತಿಬಳಸಿ ಹೋಗುತ್ತವೆ ಎಂದು ಊರವರು ಹೇಳುತ್ತಿದ್ದರು. ಊರವರ ಬಾಯಿಗೆ ಬೀಗ ಎಲ್ಲಿದೆ?

ಧೂಳಪ್ಪನ ತಮ್ಮ ಮಾಳು ಆ ಕಲ್ಲಿಗೆ ಹೆದರಿ ವಿಜಯಪುರಕ್ಕೆ ಓಡಿದ. ಗೋಳಗುಮ್ಮಟದ ಎದುರು ಕಬ್ಬಿನ ಹಾಲಿನ ಗಾಡಿ ಹಾಕಿದ, ಸಂಜೆ ಜಿಮ್ಮಿಗೆ ಹೋಗಿ ತೋಳು ಬೆಳೆಸಿದ. ಆದರೆ ಬಾಗಿ ಏನನ್ನಾದರೂ ಎತ್ತಿದರೆ ಸಾಕು, ಕಿವಿಯ ಹತ್ತಿರ ಅಣ್ಣನ ಉಸಿರು ಕೇಳುತ್ತಿತ್ತು. ಭಾರದ ಕೆಳಗೆ ಸಿಕ್ಕಿಬಿದ್ದವನ ಉಸಿರು. ಕಬ್ಬಿನ ಹೊರೆ ಎತ್ತಿದರೂ ಅದೇ, ಮಗಳನ್ನು ಎತ್ತಿದರೂ ಅದೇ. ಕೊನೆಗೆ ಹೆಂಡತಿ ನಿರ್ಮಲಾಗೆ ಬೆನ್ನು ನೋವೆಂದು ಸುಳ್ಳು ಹೇಳಿ, ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟ.

ಆ ಉಸಿರು ಯಾಕೆ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಲ್ಲು ಮುಟ್ಟುವ ಮುಂಚೆ ಮನೆದೇವರು ಅಮೋಗಸಿದ್ಧನ ಅರಿಸಿನದ ಭಂಡಾರ ಹಣೆಗೆ ಹಚ್ಚಿಸಿಕೊಂಡು, ‘ನಿನ್ನ ಭಾರ, ನೀನ ಎತ್ತು’ ಎನ್ನುವುದು ಆ ಮನೆಯ ಪದ್ಧತಿ. ಅಣ್ಣ ಸತ್ತ ಆ ದಿನ ಅವ್ವ ಬೋರವ್ವ ಭಂಡಾರದ ಚೀಲ ಹಿಡಿದಿದ್ದಳು, ಧೂಳಪ್ಪ ಹಣೆ ಒಡ್ಡಿದ್ದ. ನಡುವೆ ಬಾಯಿ ಹಾಕಿದವನು ಮಾಳು.

“ಬಿಡಬೇ ಯವ್ವಾ. ಎತ್ತಾವ ದೇವ್ರಲ್ಲ, ನಮ್ಮಣ್ಣ. ಹಂಗ ಎತ್ತಿ ತೋರಸ್ತಾನ.”

ಜನ ಶಿಳ್ಳೆ ಹೊಡೆದರು. ಅಣ್ಣ ನಕ್ಕು ಬರಿ ಹಣೆಯಲ್ಲೇ ಹೋದ. ಮಾತು ತಮ್ಮನದು, ಪ್ರಾಣ ಅಣ್ಣನದು.

ಈ ಕಾರಹುಣ್ಣಿಮೆಗೆ ಮಾಳು ಹೆಂಡತಿ, ಕೂಸನ್ನು ಕರೆದುಕೊಂಡು ಟಿಕೋಟಾ ದಾಟಿ ಊರಿಗೆ ಬಂದ. ಕಲ್ಲನ್ನು ಒಗೆದರೆ ಉಸಿರೂ ತೊಲಗೀತು ಎಂಬ ಒಂದೇ ಆಸೆ. ಅವ್ವ ಗುಡಿಯ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಮುಂದೆ ಹಣೆ ಒಡ್ಡಲು ಮುಖವಿಲ್ಲದೆ ನೇರವಾಗಿ ಕಲ್ಲಿಗೆ ಕೈ ಹಾಕಿದ.

ಮೊಣಕಾಲಿನ ತನಕ ಬಂತು. ಅಷ್ಟರಲ್ಲಿ ಉಸಿರು ಕೇಳಿತು, ಈ ಸಲ ಕಲ್ಲಿನ ಕೆಳಗಿನಿಂದ. ಕಲ್ಲು ಜಾರಿತು. ಮತ್ತೆ ಎತ್ತಿದ, ಮತ್ತೆ ಜಾರಿತು. ಜಿಮ್ಮಿನಲ್ಲಿ ಬೆಳೆಸಿದ ತೋಳು ಎಳೆಗರುವಿನ ಕಾಲಿನಂತೆ ನಡುಗುತ್ತಿತ್ತು. ಅವನು ಎಲ್ಲರ ಎದುರಿಗೇ ಅವ್ವನ ಬಳಿ ಹೋಗಿ ಮಂಡಿಯೂರಿದ.

“ಯವ್ವಾ, ಅಣ್ಣನ್ನ ತಿಂದದ್ದು ಕಲ್ಲಲ್ಲ. ನನ್ನ ಮಾತು.”

“ಗೊತ್ತೈತಿ,” ಎಂದಳು ಬೋರವ್ವ. “ನೀ ಬರ್ತಿ ಅಂತ ಮೂರು ವರ್ಷದಿಂದ ಈ ಚೀಲ ಹಿಡ್ಕೊಂಡ ಕುಂತೇನಿ.”

ಹಣೆಗೆ ಬಳಿದ ಭಂಡಾರ ಬೆವರಿನಲ್ಲಿ ಕಣ್ಣಿಗಿಳಿಯಿತು. ಮಾಳು ಮೂರನೇ ಸಲ ಬಾಗಿದ.

“ಯಪ್ಪಾ ಅಮೋಗಸಿದ್ಧಾ, ನನ್ನ ತೋಳಾಗ ಏನೂ ಉಳಿದಿಲ್ಲ. ನಿನ್ನ ಭಾರ, ನೀನ ಎತ್ತು.”

ಉಸಿರು ಬಂದೇ ಬಂತು. ಆದರೆ ಈಗ ಅದು ಅವನ ಉಸಿರಿನ ಜೊತೆಗೇ ಏರಿಳಿಯಿತು, ಪಕ್ಕದಲ್ಲಿ ಇನ್ನೊಬ್ಬನು ಕೈ ಹಚ್ಚಿದಂತೆ. ಕಲ್ಲು ತೊಡೆಗೆ ಬಂತು, ಎದೆಗೆ ಬಂತು, ಹೆಗಲೇರಿತು. ಹಿಂದಕ್ಕೆ ಒಗೆದಾಗ ನೆಲ ಅದುರಿತು.

ಜನ ಕೂಗುತ್ತಿದ್ದರು. ಮಾಳು ಯಾರನ್ನೂ ನೋಡದೆ ನಿರ್ಮಲಾಳ ಹತ್ತಿರ ಹೋಗಿ ಕೈ ಚಾಚಿದ. ಕೂಸನ್ನು ಎತ್ತಿಕೊಂಡ. ಕಿವಿಯ ಹತ್ತಿರ ಹಾಲಿನ ವಾಸನೆಯ ಪುಟ್ಟ ಉಸಿರೊಂದೇ ಇತ್ತು.

ಮೂರು ವರ್ಷ ಅಣ್ಣನ ಉಸಿರು ತೊಲಗಲಿ ಎಂದು ಬೇಡಿದವನು ಈಗ ಉಸಿರು ಬಿಗಿಹಿಡಿದು ಅದನ್ನು ಹುಡುಕಿದ. “ಅಣ್ಣಾ,” ಎಂದು ಮೆಲ್ಲಗೆ ಕರೆದ. ಯಾರೂ ಇರಲಿಲ್ಲ. ಅಣ್ಣ ಸತ್ತಿದ್ದಾನೆಂದು ಅವನಿಗೆ ನಿಜವಾಗಿ ತಿಳಿದದ್ದು ಈಗಲೇ. ಅಳುತ್ತಿದ್ದವನ ಹಣೆಯ ಭಂಡಾರವನ್ನು ಕೂಸು ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡಿತು.