ಭಾವ ಓದಿದರೆ ಎಲ್ಲರೂ ಮನೆ ಸೇರುತ್ತಾರೆ

ಅಕ್ಕನ ಕಣ್ಣಿಗೆ ಅಕ್ಷರ ನಿಲ್ಲದಂತಾದ ಮೇಲೆ ಅವಳಿಗೆ ಪತ್ರಿಕೆ ಓದಿ ಹೇಳುವ ಕೆಲಸ ಭಾವನ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ ನನ್ನ ಕೈಯಿಂದ ಅವರೇ ಕಿತ್ತುಕೊಂಡರು ಎನ್ನಬೇಕು. ಚಿಕ್ಕವರಿದ್ದಾಗಿನಿಂದ ವಿಜ್ಞಾನದ ಕಥೆ, ಮಾಯಾಲೋಕದ ಕಥೆಗಳ ಆ ಮಾಸಪತ್ರಿಕೆ ನಮ್ಮಿಬ್ಬರ ಆಸ್ತಿ. ಮೊದಲು ಓದಿದವಳು ಕೊನೆಯನ್ನು ಬಾಯಿಬಿಡಬಾರದು, ಮುಖದಲ್ಲೂ ತೋರಿಸಬಾರದು ಎಂಬುದೊಂದೇ ಕರಾರು. ಬಸ್ ಓಡಿಸುವ ಭಾವ ಆ ಕಡೆ ತಲೆ ಹಾಕಿದವರೇ ಅಲ್ಲ. ನಮ್ಮ ಬಸ್ಸೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ನಿಮ್ಮ ರಾಕೆಟ್ಟು ಬರುತ್ತದೆಯೇ ಎಂದು ಅಣಕಿಸುತ್ತಿದ್ದವರು, ಈಗ ಡ್ಯೂಟಿ ಮುಗಿಸಿ ಬೂಟನ್ನೂ ಬಿಚ್ಚದೆ ಮಂಚದ ಪಕ್ಕ ಕೂತು, ನಕ್ಷತ್ರಗಳ ಹೆಸರಿಗೆ ತಡವರಿಸುತ್ತಾ ಓದುತ್ತಿದ್ದರು.

ಅಕ್ಕನನ್ನು ನೋಡಿಕೊಳ್ಳಲು ಬಂದಿದ್ದ ನಾನು ಅಡುಗೆಮನೆಯಿಂದ ಕಿವಿಗೊಡುತ್ತಿದ್ದೆ. ಸಂಚಿಕೆ ಬಂದ ದಿನವೇ ಅದನ್ನು ಓದಿ ಮುಗಿಸಿರುತ್ತಿದ್ದೆ. ಆ ಸಂಜೆಯ ಕಥೆಯಲ್ಲಿ, ದೂರದ ಗ್ರಹವೊಂದರಲ್ಲಿ ದೀಪ ಕಾಯುವ ಹೆಂಗಸು ಉಸಿರಾಡುವ ಗಾಳಿ ಮುಗಿಯುತ್ತಾ ಬಂದಾಗ ಒಂದೊಂದೇ ದೀಪ ಆರಿಸಿ, ಕೊನೆಯದರ ಕೆಳಗೆ ಕೂರುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಭಾವ ಅಲ್ಲಿಗೆ ಬಂದು ಗಂಟಲು ಸರಿಮಾಡಿಕೊಂಡರು. ಆಮೇಲೆ ಒಂದು ನೌಕೆ ಬಂತು, ಬಾಗಿಲು ತೆರೆಯಿತು, ಆಕೆಯನ್ನು ಹತ್ತಿಸಿಕೊಂಡು ಹೊರಟಿತು ಎಂದು ಓದಿದರು. ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಹಿಂದಿನ ಸಂಚಿಕೆಯಲ್ಲಿ ನದಿ ನುಂಗಿದ ಮಗುವೂ ಅವರ ಬಾಯಲ್ಲಿ ದಡ ಸೇರಿತ್ತು; ಆಗ ನನ್ನ ಕಿವಿಯದ್ದೇ ತಪ್ಪು ಎಂದುಕೊಂಡಿದ್ದೆ.

ಅಕ್ಕನಿಗೆ ಹೇಳಬೇಕೇ, ಬೇಡವೇ? ಡಾಕ್ಟರು ಹೇಳಿದ್ದನ್ನು ಅವಳಿಂದ ಮುಚ್ಚಿಡಬೇಕೆಂದು ನನ್ನಿಂದ ಮಾತು ತೆಗೆದುಕೊಂಡವರೂ ಭಾವನೇ.

ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಅಕ್ಕನೇ ಕರೆದು ಪತ್ರಿಕೆ ತಾ ಎಂದಳು.

"ನಿಮ್ಮ ಭಾವ ಓದಿದ್ರೆ ಎಲ್ರೂ ಮನೆ ಸೇರ್ತಾರೆ ಕಣೇ. ಡ್ರೈವರ್ ಅಲ್ವಾ, ದಾರೀಲಿ ಯಾರನ್ನೂ ಬಿಟ್ಟು ಬರಲ್ಲ." ನಕ್ಕಳು, ನಗು ಕೆಮ್ಮಾಯಿತು. "ಆ ಗ್ರಹದ ದಾರೀಲಿ ನೌಕೆನೇ ಓಡಾಡಲ್ಲ ಅಂತ ಮೊದಲ್ನೇ ಪುಟದಲ್ಲಿ ಅವರೇ ಓದಿದ್ರು. ಮರ್ತಿದಾರೆ ಪಾಪ. ನೀನು ಇರೋ ಹಾಗೆ ಓದು."

ಓದಿದೆ. ಕೊನೆಯ ದೀಪದ ಕೆಳಗೆ ಆಕೆ ಕೂತಲ್ಲಿಗೆ ನಿಲ್ಲಿಸಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು, ಅಳಲಿಲ್ಲ. ಚೆನ್ನಾಗಿ ಬರೆದಿದ್ದಾರೆ ಎಂದಳು.

"ಈ ಮನೇಲಿ ಎಲ್ರೂ ನಂಗೆ ಕಥೆ ಹೇಳ್ತಿದೀರ. ಡಾಕ್ಟರು ಏನಂದ್ರು? ಅದನ್ನೂ ಇರೋ ಹಾಗೆ ಹೇಳು."

ಬಾಯಿಗೆ ಬಂದ ಮಾತುಗಳನ್ನೆಲ್ಲ ನುಂಗಿ, ಈ ಚಳಿಗಾಲ ದಾಟುವುದು ಕಷ್ಟ ಎಂದಿದ್ದಾರೆ ಎಂದು ಅವಳ ಹೊದಿಕೆಯ ಅಂಚು ನೋಡುತ್ತಾ ಹೇಳಿದೆ. ಸಮಾಧಾನ ಬೇಕಾದವಳು ನಾನೇ ಎಂಬಂತೆ ಅವಳು ನನ್ನ ಕೈ ತಟ್ಟಿದಳು.

ಸಂಜೆ ಭಾವ ಹೊಸ ಸಂಚಿಕೆ ಹಿಡಿದುಕೊಂಡೇ ಬಂದರು. ಈ ತಿಂಗಳಿಂದ ದೊಡ್ಡ ಧಾರಾವಾಹಿ ಶುರುವಂತೆ, ವರ್ಷಪೂರ್ತಿ ನಡೆಯುತ್ತದಂತೆ ಎನ್ನುತ್ತಾ ಹುರುಪಿನಿಂದ ಕನ್ನಡಕ ಏರಿಸಿಕೊಂಡರು.

"ಧಾರಾವಾಹಿ ಬೇಡ ರೀ," ಎಂದಳು ಅಕ್ಕ, ಮೆಲ್ಲಗೆ. "ಚಿಕ್ಕದು ಯಾವುದಾದ್ರೂ ಓದಿ."

ಭಾವ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಬೆರಳು ಒದ್ದೆ ಮಾಡಿಕೊಂಡು ಪುಟ ತಿರುವುತ್ತಾ ಹೋದರು. ಚಿಕ್ಕ ಕಥೆ ಸಿಕ್ಕಿದ ಮೇಲೂ ತಿರುವುತ್ತಲೇ ಇದ್ದರು.